ಮಾವನ ಗಾಡಿಯಲ್ಲಿ ಅಡಗಿದ್ದ ವಾಲ್ವು

ನಮ್ಮ ಸೋದರಮಾವನನ್ನು ಊಟಕ್ಕೆ ಕರೆಯುವವರು ಎಲೆ ಹಾಕುವ ಮೊದಲು ಏಣಿ ಹಾಕಬೇಕು! ಯಾರ ಮನೆಗೇ ಹೋಗಲಿ, ತಾರಸಿ ಹತ್ತಿ ನೀರಿನ ಟ್ಯಾಂಕು ನೋಡದೆ ಅವರಿಗೆ ಅನ್ನ ಇಳಿಯುವುದಿಲ್ಲ. ಮದುವೆ ಛತ್ರದಲ್ಲಿ ಎಲ್ಲರೂ ಮದುಮಗಳನ್ನು ನೋಡುತ್ತಿದ್ದರೆ ಇವರು ಸಂಪಿನ ಮುಚ್ಚಳ ಎತ್ತಿ ಇಣುಕುತ್ತಿರುತ್ತಾರೆ.

ಒಮ್ಮೆ ಮಲವಗೊಪ್ಪದ ನಮ್ಮ ಮನೆಗೆ ಬಂದವರು ತಾರಸಿಯ ಮೇಲೆ ಯಾವುದೋ ವಾಲ್ವು ತಿರುಗಿಸಿ, ಹಾಗೇ ಇಳಿದು ಬಂದು ಉಪ್ಪಿಟ್ಟು ತಿನ್ನುತ್ತ ಕೂತರು. ಅಷ್ಟರಲ್ಲಿ ಬಚ್ಚಲಿನಿಂದ ನನ್ನ ಗಂಡನ ಆರ್ತನಾದ: "ಮಾರಾಯ್ತಿ, ನೀರು ನಿಂತೋಯ್ತಲ್ಲೇ! ಮುಖದ ತುಂಬ ಸೋಪು!"

ಮಾವ ಚಮಚವನ್ನೂ ಕೆಳಗಿಡಲಿಲ್ಲ. "ಅಂದ್ರೆ ನಿಮ್ಮ ಬಚ್ಚಲಿಗೆ ನೀರು ಬರೋದು ಆ ಕೆಂಪು ವಾಲ್ವಿಂದ. ಈಗ ಗೊತ್ತಾಯ್ತು ನೋಡು!" ಎಂದರು.

ಇಂಥವರು ನಿವೃತ್ತರಾದ ಮೇಲೆ ಸುಮ್ಮನಿರುತ್ತಾರೆಯೇ? ಮಂಚ, ಒಲೆ, ಪುಟ್ಟ ಬಚ್ಚಲು ಎಲ್ಲ ಕೂರಿಸಿದ್ದ ಹಳೆಯ ಟ್ರೇಲರ್ ಒಂದನ್ನು ಕೊಂಡು, ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಬಂದು ಭದ್ರಾವತಿ ನ್ಯೂ ಟೌನಿನ ತಮ್ಮ ಮನೆ ಮುಂದೆ ನಿಲ್ಲಿಸಿದರು. ಟ್ರೇಲರ್ ಎಂದರೆ ಕಬ್ಬು ಹೊರುವುದು ಎಂದಷ್ಟೇ ಗೊತ್ತಿದ್ದ ಬೀದಿ ಅದು. "ಕಬ್ಬು ಯಾವಾಗ ಕಡಿಸ್ತೀರಿ ಸಾರ್?" ಎಂದು ಕೇಳಿದವರೂ ಉಂಟು.

ಗಾಡಿ ತಂದದ್ದು ಹೆಂಡತಿಗಾಗಿ, ಅಂದರೆ ನಮ್ಮ ಅತ್ತೆಗಾಗಿ. ಆಪರೇಶನ್ ಆದಾಗಿನಿಂದ ಅವರಿಗೆ ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಬೇಕು. ದಾರಿಯಲ್ಲಿ ಏನು ಗತಿ, ಹೋದಲ್ಲಿ ನೀರಿಲ್ಲದಿದ್ದರೆ ಏನು ಗತಿ ಎಂದು ಹೆದರಿ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ನಮ್ಮ ಗೃಹಪ್ರವೇಶಕ್ಕೂ ಬರಲಿಲ್ಲ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ನೋಡಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿತ್ತು. ಗಾಡಿ ನೋಡಿ ಅವರು ಹೇಳಿದ್ದು ಒಂದೇ ಮಾತು: "ನಲ್ಲಿ ತಿರುಗಿಸಿದ್ರೆ ನೀರು ಬರ್ಬೇಕು. ಬರ್ದಿದ್ರೆ ನಾ ಹತ್ತಲ್ಲ."

ಬರಲಿಲ್ಲ!

ಈ ಗಾಡಿಯ ನಲ್ಲಿಗೆ ನೀರು ಬರಲು ಎರಡು ದಾರಿ. ಮನೆ ಹತ್ತಿರ ನಿಂತಾಗ ಗಾಡಿಯ ಪಕ್ಕೆಯಲ್ಲಿರುವ ಬಾಯಿಗೆ ಹೊರಗಿನ ಪೈಪು ತಿರುಪಬಹುದು. ರಸ್ತೆಯಲ್ಲಾದರೆ ಒಳಗಿನ ಟ್ಯಾಂಕಿನ ನೀರನ್ನು ಪಂಪು ತಳ್ಳಬೇಕು. ಪೈಪು ತಿರುಪಿದಾಗ ಎಲ್ಲ ಸರಿಯಾಗಿತ್ತು. ಪೈಪು ಬಿಚ್ಚಿ ಪಂಪು ಹಾಕಿದರೆ ನಲ್ಲಿಯಲ್ಲಿ ತೊಟ್ಟು ತೊಟ್ಟು! ಮಿಕ್ಕ ನೀರು ಹೋದದ್ದೆಲ್ಲಿಗೆ? ಮಾವನ ಕಣ್ಣು ಹೊಳೆಯಿತು. ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದು ಟ್ಯಾಂಕಿಗೆ ಸುರಿದೇಬಿಟ್ಟರು.

ಪಂಪು ಹಾಕಿದ್ದೇ ತಡ, ಪಕ್ಕೆಯ ಬಾಯಿಂದ ಹಳದಿ ನೀರು ಚಿಮ್ಮಿತು. ಗಾಡಿ ಪೂಜೆಗೆ ಹಾಕಿದ್ದ ಚೆಂಡುಹೂವಿನ ಹಾರ ಇನ್ನೂ ಮೇಲೆ ತೂಗುತ್ತಿತ್ತು. ದಾರಿಯಲ್ಲಿ ಹೊರಟಿದ್ದ ಎದುರುಮನೆ ಅಜ್ಜಿ ಹಾರ ನೋಡಿದರು, ಅರಿಶಿನ ನೋಡಿದರು, ಚಪ್ಪಲಿ ಬಿಟ್ಟು ಬೊಗಸೆಯೊಡ್ಡಿ ತಲೆಗೆ ಚಿಮುಕಿಸಿಕೊಂಡರು.

"ಯಾವ ದೇವರ ತೀರ್ಥ ಸ್ವಾಮಿ?"

"ಇಲ್ಲಿ ಬರ್ಬಾರ್ದಿತ್ತಮ್ಮ, ಬಂದ್ಬಿಟ್ಟಿದೆ!" ಎಂದರು ಮಾವ.

ಅಜ್ಜಿ ಇನ್ನೊಂದು ಬೊಗಸೆ ಹಿಡಿದರು.

"ಆ ಬಾಯಿಗೊಂದು ಮುಚ್ಚಳ ಹಾಕಿದ್ರೆ ಮುಗೀತಲ್ಲ ಮಾವ?" ಎಂದೆ, ಗಾಡಿ ನೋಡಲು ಹೋಗಿದ್ದ ನಾನು.

"ಸೋರೋ ಮಾಡಿನ ಕೆಳಗೆ ಬಕೆಟ್ ಇಡೋ ಜಾತಿ ನೀನು! ನೀರನ್ನ ಒಳಗೆ ಬಿಟ್ಟು, ಹಿಂದಕ್ಕೆ ಹೊರಟ ಕೂಡ್ಲೇ ತಾನೇ ಮುಚ್ಕೊಳ್ಳೋ ವಾಲ್ವ್ ಒಂದಿರುತ್ತೆ. ಬಾವಿ ಮೋಟರಿಗೆ ಫುಟ್‌ವಾಲ್ವ್ ಇರಲ್ವ, ಹಾಗೆ. ಅದು ಮುಚ್ಕೊಳ್ತಿಲ್ಲ. ಯಾಕೆ? ಮೊದ್ಲು ಅದು ಎಲ್ಲಿದೆ?"

ಹುಡುಕಾಟ ಶುರುವಾಯಿತು. ಮಂಚ ಎದ್ದಿತು, ಪ್ಲೈವುಡ್ ಎದ್ದಿತು. ಸ್ಕ್ರೂಡ್ರೈವರಿನ ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಕಿವಿಗೆ! "ನಾನು ಹುಲಿ ನೋಡೋಣ ಅಂದ್ರೆ ಇವ್ರು ಹಾವು ಹುಡುಕ್ತಾರೆ" ಎಂದು ಅತ್ತೆ ಹೊಸ್ತಿಲಲ್ಲೇ ಕೂತು ನಕ್ಕರು. ಪಂಪಿನ ಬಾಯಲ್ಲಿ ಒಂದು ವಾಲ್ವು ಸಿಕ್ಕಿತು. ಆದರೆ ಅದು ನೀರು ತಿರುಗಿ ಟ್ಯಾಂಕಿಗೆ ಹೋಗದಂತೆ ಕಾಯುವಂಥದ್ದು, ಗಟ್ಟಿಮುಟ್ಟಾಗಿಯೇ ಇತ್ತು. ಹಾಗಾದರೆ ಕೆಟ್ಟದ್ದೆಲ್ಲಿ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಮಾವ ದಿನಾ ಪೈಪು ತಿರುಪುತ್ತಿದ್ದ ಆ ಪಕ್ಕೆಯ ಬಾಯೊಳಗೇ ಅದು ಕೂತಿತ್ತು. ಅದರ ಪುಟ್ಟ ಬಾಗಿಲಿಗೆ ಒಂದು ಚೂರು ಬಿಳಿ ಟೇಪು ಸಿಕ್ಕಿಕೊಂಡಿತ್ತು. ಪೈಪು ಸೋರದಿರಲೆಂದು ತಿರುಪಿಗೆ ಸುತ್ತುವ ಟೇಪು.

"ಇದನ್ನ ಸುತ್ತಿದ್ಯಾರು ಮಾವ?"

"ಯಾರಾದ್ರೇನೇ, ಸಿಕ್ತಲ್ಲ!" ಎಂದು ಮಾವ ಅದನ್ನು ಕಿತ್ತೊಗೆದರು.

ಅರಿಶಿನದ ಟ್ಯಾಂಕು ತೊಳೆದು ಹೊಸ ನೀರು ತುಂಬಿಸಿ, ಮರುದಿನವೇ ತ್ಯಾವರೆಕೊಪ್ಪಕ್ಕೆ ಹೊರಟೆವು. ದಾರಿಯಲ್ಲಿ ಒಂದು ಮರದ ಕೆಳಗೆ ನಿಲ್ಲಿಸಿದಾಗ ಅತ್ತೆ ಗಾಡಿ ಹತ್ತಿ ಬಚ್ಚಲ ಬಾಗಿಲು ಹಾಕಿಕೊಂಡರು. ಮಾವ ಹೊರಗೆ ಕಿವಿಗೊಟ್ಟು ನಿಂತರು. ಒಳಗೆ ನೀರು ಧಾರಾಳವಾಗಿ ಸುರಿಯುವ ಸದ್ದು ಕೇಳಿತು. ಅತ್ತೆ ಕೈ ಒರೆಸಿಕೊಳ್ಳುತ್ತ ಇಳಿದು ಬಂದರು, ಮುಖ ಅರಳಿತ್ತು. ತ್ಯಾವರೆಕೊಪ್ಪ ತಲುಪಿದರೆ ಹುಲಿ ನಮಗೆ ಬೆನ್ನು ಹಾಕಿ ಮಲಗಿತ್ತು. ಅತ್ತೆ ಅದನ್ನೇ ಕಣ್ತುಂಬ ನೋಡಿದರು.

"ವಾಪಸ್ ಹೋಗ್ತಾ ನಿನ್ನ ಮನೆಗೆ ಬರ್ಲೇನೇ? ನಾನಿನ್ನೂ ನೋಡೇ ಇಲ್ಲ" ಎಂದರು.

ಮಲವಗೊಪ್ಪ ತಲುಪಿದಾಗ ಮಾವ ತಾರಸಿಯ ಕಡೆ ತಲೆಯನ್ನೂ ಎತ್ತಲಿಲ್ಲ. ಅತ್ತೆಯ ಕೈ ಹಿಡಿದು ನೆಟ್ಟಗೆ ನಮ್ಮ ಬಚ್ಚಲಿಗೆ ಕರೆದೊಯ್ದು ನಲ್ಲಿ ತಿರುಗಿಸಿ ತೋರಿಸಿದರು. "ನೋಡು, ಈ ಮನೇಲಿ ನೀರು ನಿಲ್ಲಲ್ಲ. ನಾನು ಆಗ್ಲೇ ಮೇಲೆ ಹತ್ತಿ ನೋಡಿದೀನಿ. ಇವಳ ಚಿಕ್ಕಪ್ಪನ ಮನೇಲೂ ನೋಡಿದೀನಿ, ಛತ್ರದಲ್ಲೂ ನೋಡಿದೀನಿ. ಎಲ್ಲಿಗೆ ಬೇಕಾದ್ರೂ ಹೋಗೋಣ, ಹೆದರ್ಬೇಡ."

ಮಾವನಿಗೆ ಈ ಚಟ ಅಂಟಿದ್ದು ಅತ್ತೆಯ ಆಪರೇಶನ್ ಆದ ಮೇಲೆ ಎಂದು ನನಗೆ ಆಗ ನೆನಪಾಯಿತು.