ಜವಳಕ್ಕೆ ಹೊರಟ ಫಟಫಟಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಎಸ್.ಟಿ. ಬಸ್ಸಿನ ವೈರಿಯಲ್ಲ. ನನ್ನ ಹೆಂಡತಿ ಸಾವಿತ್ರವ್ವ ಸೊರಡಿಯ ಬಾವಿಕಟ್ಟೆಯಿಂದ ಹಿಡಿದು ಜತ್ತದ ಸಂತೆಯವರೆಗೆ ಹಾಗೆ ಸಾರಿಕೊಂಡು ಬಂದಿದ್ದಾಳೆ. ಅದು ಶುದ್ಧ ಸುಳ್ಳು. ಆ ದಿನ ನಾನು ಬಸ್ಸು ಹತ್ತಲಿಲ್ಲ, ನಿಜ. ಹತ್ತದೇ ಇರುವುದಕ್ಕೆ ಕಾರಣವಿತ್ತು, ಆ ಕಾರಣ ನನ್ನ ತಂಗಿಯ ಕಣ್ಣೀರು. (ಹೆಂಡತಿಯ ಮಾತು ಕೇಳದವನು ತಂಗಿಯ ಮಾತು ಮಾತ್ರ ಹೇಗೆ ಕೇಳಿದ ಎಂಬುದು ನನ್ನ ಮೇಲಿರುವ ಇನ್ನೊಂದು ಆರೋಪ. ಅದರ ವಿಚಾರಣೆ ನಮ್ಮ ಅಡಿಗೆಮನೆಯಲ್ಲಿ ಇನ್ನೂ ನಡೆದಿದೆ.)

ತಂಗಿಯ ಹೆಸರು ಅಕ್ಕವ್ವ. ಬಾಲಗಾಂವಕ್ಕೆ ಕೊಟ್ಟಿದ್ದೇವೆ. ಅವಳ ಗಂಡ ತುಕಾರಾಮ ಮಾತಿಲ್ಲದ ಮನುಷ್ಯ. ಆ ಮನೆಯ ಪಾಲಿಗೆ ಬಂದ ಮಾತನ್ನೆಲ್ಲ ಅವನ ತಾಯಿ ದುಂಡವ್ವ ಒಬ್ಬಳೇ ಆಡಿ ಮುಗಿಸುತ್ತಾಳೆ. ನಾವು ತಲೆತಲಾಂತರದಿಂದ ಕುರಿ ಕಾಯ್ದವರು. ಬೀಗರೂ ಕುರಿಯವರೇ, ಆದರೆ ಅವರಿಗೆ ಹೊಲವೂ ಉಂಟು, ಮಾಳಿಗೆ ಮನೆಯೂ ಉಂಟು. ಆದ್ದರಿಂದ ದುಂಡವ್ವ ಸೊಸೆಯ ಮುಂದೆ ಆಗಾಗ ಹೇಳುವುದಿತ್ತು: "ನಿನ್ನ ತವರವರು ಬರಾಕತ್ತಿದ್ರ ಮೊದಲ ಧೂಳ ಕಾಣ್ತೈತಿ, ಆಮ್ಯಾಲ ಕುರಿ ಕಾಣ್ತಾವ, ಕಡೀಕ ಮನಶ್ಯಾರು ಕಾಣ್ತಾರ."

ಅಕ್ಕವ್ವ ಇದನ್ನು ನುಂಗಿಕೊಂಡೇ ಬಂದಿದ್ದಳು. ಅಷ್ಟರಲ್ಲಿ ಅವಳ ಚೊಚ್ಚಲ ಮಗನ ಜವಳ ಗೊತ್ತಾಯಿತು. ಹುಟ್ಟುಗೂದಲು ತೆಗೆಸುವ ಈ ಶಾಸ್ತ್ರದಲ್ಲಿ ಮೊದಲ ಕತ್ತರಿ ಹಾಕುವ ಅಧಿಕಾರ ಸೋದರಮಾವನದು. ಅವನು ಬರುವ ತನಕ ಕೂಸಿನ ತಲೆ ಮುಟ್ಟುವಂತಿಲ್ಲ, ಬಂದ ಮಂದಿಗೆ ಊಟ ಬಡಿಸುವಂತೆಯೂ ಇಲ್ಲ. ಮನೆಯಲ್ಲಿ ಮತ್ತೊಂದು ಜೋಳದ ಭಕ್ಕರಿ ಕೇಳಲು ಹೆದರುವ ನನ್ನಂಥವನಿಗೆ ಇಡೀ ಊರನ್ನು ಉಪವಾಸ ಇಡುವ ಅಧಿಕಾರ ಸಿಗುವುದು ಆ ಒಂದು ದಿನ ಮಾತ್ರ.

ಕರೆಯಲು ಬಂದ ಅಕ್ಕವ್ವ ಹೊರಡುವಾಗ ನನ್ನನ್ನು ಕುರಿಹಟ್ಟಿಯ ಮರೆಗೆ ಕರೆದಳು.

"ಅಣ್ಣಾ, ನೀ ಫಟಫಟಿ ಮ್ಯಾಲ ಬರಬೇಕ ನೋಡು. ಬರ್ತಾನಂತ ಊರ ತುಂಬ ಹೇಳಿ ಕುಂತೀನಿ. ನಮ್ಮತ್ತಿ ಒಮ್ಮೆರೆ ಬಾಯಿ ಮುಚ್ಚಲಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮಾತು ಕೊಟ್ಟೆ. ತಂಗಿಗೆ ಕೊಟ್ಟ ಮಾತು ಎಂದರೆ ನನಗೆ ಶಿಲಾಶಾಸನ.

ಫಟಫಟಿಯ, ಅಂದರೆ ನನ್ನ ಮೋಟರ್ ಸೈಕಲ್ಲಿನ, ಪೂರ್ವಾಪರವನ್ನೂ ಹೇಳಬೇಕು. ಕುರಿಗಳನ್ನು ತಮ್ಮನಿಗೊಪ್ಪಿಸಿ ನಾನು ಉಣ್ಣೆಯ ವ್ಯಾಪಾರಕ್ಕೆ ಇಳಿದಾಗ ಜತ್ತದ ಒಬ್ಬ ಪಿಂಚಣಿ ಸಾಹೇಬರಿಂದ ಅದನ್ನು ಕೊಂಡಿದ್ದೆ. ಪೆಟ್ರೋಲು ಟಾಕಿಯ ಮೇಲಿದ್ದ ಹೆಸರು ಅಳಿಸಿಹೋಗಿತ್ತು. ದೀಪ ಹಗಲಿನಲ್ಲಿ ಮಾತ್ರ ಉರಿಯುತ್ತಿತ್ತು. ಹಾರ್ನು ತನಗೆ ಮನಸ್ಸು ಬಂದಾಗ ತಾನೇ ಕೂಗುತ್ತಿತ್ತು. ಇವೆಲ್ಲ ಸ್ವಭಾವದೋಷಗಳು, ಸಂಸಾರಸ್ಥನಾದವನು ಸಹಿಸಬಲ್ಲ. ಆದರೆ ಜವಳದ ಹಿಂದಿನ ದಿನ ಮುಂಜಾನೆ ಅದರ ಹೊಟ್ಟೆಯಿಂದ ಪೆಟ್ರೋಲು ತೊಟ್ಟಿಕ್ಕತೊಡಗಿತು. ಒದ್ದರೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ರೋಗ ಇದ್ದದ್ದು ಕಾರ್ಬೊರೇಟರಿನಲ್ಲಿ.

ಕಾರ್ಬೊರೇಟರು ಎಂದರೆ ಪೆಟ್ರೋಲಿಗೆ ಗಾಳಿ ಕಲಸಿ ಇಂಜಿನ್ನಿಗೆ ಉಣಿಸುವ ಸಣ್ಣ ಅಡಿಗೆಮನೆ. ಅದರಲ್ಲೊಂದು ಬಟ್ಟಲು, ಬಟ್ಟಲಲ್ಲೊಂದು ಹಿತ್ತಾಳೆಯ ಟೊಳ್ಳು ಬುರುಡೆ. ಪೆಟ್ರೋಲು ತುಂಬಿದಾಗ ಬುರುಡೆ ತೇಲಿ ಮೇಲೆದ್ದು ಒಂದು ಸೂಜಿಯಿಂದ ದಾರಿ ಮುಚ್ಚುತ್ತದೆ, ಇಳಿದಾಗ ಬಿಡುತ್ತದೆ. ಸಂಸಾರದಲ್ಲಿ ಗಂಡನ ಸ್ಥಾನವೂ ಇದೇ ಎಂದು ನಾನು ಬಲ್ಲೆ. ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳದೆ ಹಗುರಾಗಿ ತೇಲುತ್ತ, ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚುತ್ತ ಇದ್ದರೆ ಎಲ್ಲ ಸುಗಮ. ನಮ್ಮ ಬುರುಡೆಗೆ ತೂತು ಬಿದ್ದಿತ್ತು. ಒಳಗೆ ಪೆಟ್ರೋಲು ಹೊಕ್ಕು ಅದು ಬಟ್ಟಲಿನ ತಳದಲ್ಲಿ ಕುಳಿತಿತ್ತು.

ತೂತು ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಬುರುಡೆಯನ್ನು ಬಿಸಿನೀರಿನಲ್ಲಿ ಅದ್ದಿದರೆ ತೂತಿದ್ದಲ್ಲಿಂದ ಗುಳ್ಳೆ ಏಳುತ್ತವೆ ಎಂದು ಎಲ್ಲೋ ಕೇಳಿದ್ದೆ. ಒಲೆಯ ಮೇಲೆ ಬಿಸಿನೀರು ಸಿದ್ಧವಾಗಿಯೇ ಇತ್ತು. ಅದ್ದಿದೆ.

"ಅಲ್ರೀ, ಏನ್ ಹಾಕಿದ್ರಿ ಅದರಾಗ? ಹೋಳಿಗಿ ಬ್ಯಾಳಿಗೆ ಇಟ್ಟ ಎಸರ್ರಿ ಅದು!" ಸಾವಿತ್ರವ್ವ ಮೊರ ಹಿಡಿದುಕೊಂಡೇ ಓಡಿ ಬಂದಳು.

"ಸುಮ್ಮನಿರು. ಗುಳ್ಳಿ ಬರ್ತಾವ ನೋಡು."

"ಗುಳ್ಳಿ ಬರ್ತಾವು, ಹೋಳಿಗಿ ಹ್ಯಾಂಗ ಬರ್ತಾವು? ಮುಂಜಾನಿ ಎಸ್ಟಿಗೆ ಹೋದ್ರ ನಿಮಗೇನ ಧಾಡಿ?"

"ಎಸ್ಟಿಯಾಗ ಹೋದ್ರ ನಾನೂ ಒಂದ ತಿಕೀಟು. ಫಟಫಟಿ ಮ್ಯಾಲ ಹೋದ್ರ ಸೋದರಮಾವ."

"ಮಂದಿ ಕೂಸಿನ ತಲಿ ನೋಡಾಕ ಬರ್ತಾರೊ, ನಿಮ್ಮ ಬುರುಡಿ ನೋಡಾಕ ಬರ್ತಾರೊ?"

ಇದಕ್ಕೆ ತಕ್ಕ ಉತ್ತರ ಕೊಡಲು ನಾನು ಒಲೆಯ ಮೇಲೆ ಬಾಗಿದೆ. ಅದೇ ಹೊತ್ತಿಗೆ ಗುಳ್ಳೆಗಳೆದ್ದವು. ಗುಳ್ಳೆಗಳ ಜೊತೆಗೆ ಒಳಗಿದ್ದ ಪೆಟ್ರೋಲೂ ಎದ್ದಿತು. ಭಪ್ ಎಂದು ಒಂದು ಜ್ವಾಲೆ ನನ್ನ ಮುಖದ ತನಕ ಬಂದು ಹಿಂದಿರುಗಿತು. ಹಿಂದಿರುಗುವಾಗ ನನ್ನ ಎಡಮೀಸೆಯನ್ನು ಒಯ್ದಿತ್ತು. ಸಾವಿತ್ರವ್ವ ಬಾಯಿಗೆ ಸೆರಗು ಹಚ್ಚಿದಳು. ಹೆದರಿ ಹಚ್ಚಿದಳೋ ನಗು ತಡೆಯಲು ಹಚ್ಚಿದಳೋ ನಾನು ಕೇಳಲಿಲ್ಲ.

ಆದರೆ ತೂತು ಸಿಕ್ಕಿತ್ತು. ಇನ್ನು ಶಸ್ತ್ರಚಿಕಿತ್ಸೆ. ಪಾತ್ರೆಗೆ ಕಲಾಯಿ ಹಾಕುವವನು ಹಿಂದೊಮ್ಮೆ ಬಿಟ್ಟುಹೋಗಿದ್ದ ಕಲಾಯಿಯ ತುಂಡೊಂದು ಗೋಡೆಯ ಮಾಡದಲ್ಲಿತ್ತು. ಅದನ್ನು ಅಂಗಳದಲ್ಲಿ ಕರಗಿಸಿ ತೂತಿನ ಮೇಲೆ ಹೊಯ್ದೆ. ಸಾಸಿವೆಯಷ್ಟು ತೂತಿಗೆ ಅಕ್ಕಿಕಾಳಿನಷ್ಟು ಸಾಕಾಗಿತ್ತು. ಆದರೆ ಇದು ತಂಗಿಯ ಮಾನದ ಪ್ರಶ್ನೆ, ತವರು ಜಿಪುಣತನ ಮಾಡಬಾರದು. ಧಾರಾಳವಾಗಿ ಅಡಿಕೆಯಷ್ಟು ಹಾಕಿದೆ. ಬುರುಡೆ ಕೈಯಲ್ಲಿ ಗುಂಡುಕಲ್ಲಿನಂತೆ ತೂಗಿತು. ಗಟ್ಟಿಯಾಯಿತು ಎಂದು ಸಂತೋಷಪಟ್ಟೆ. ಸಂಜೆಗೆ ಫಟಫಟಿ ಶುರುವಾಗಿ ಊರಿಗೊಂದು ಸುತ್ತು ಹಾಕಿತು. ನಾನು ಎದೆಯುಬ್ಬಿಸಿ ಮಲಗಿದೆ. ಸಾವಿತ್ರವ್ವ ಹೊಸ ಎಸರಿಟ್ಟು ಮತ್ತೆ ಬೇಳೆ ಬೇಯಿಸಿದಳು.

ಮರುದಿನ ಬೆಳಿಗ್ಗೆ ನಮ್ಮ ಮಹಾಪ್ರಸ್ಥಾನ. ನನಗೆ ಹೊಸ ರುಮಾಲು, ಹಿಂದೆ ಹೋಳಿಗೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಹೆಂಡತಿ. ಊರು ದಾಟಿ ಒಂದು ಹರದಾರಿ ಹೋಗುವುದರಲ್ಲಿ ಫಟಫಟಿ ಎರಡು ಸಲ ಕೆಮ್ಮಿತು, ಮೂರನೆಯ ಸಲ ನಿಂತಿತು. ಕೆಳಗೆ ನೋಡಿದರೆ ಪೆಟ್ರೋಲು ಧಾರೆ ಧಾರೆ. ಬಿಚ್ಚಿ ನೋಡಿದೆ. ತೂತು ಮುಚ್ಚಿತ್ತು, ಆದರೆ ಕಲಾಯಿಯ ಭಾರಕ್ಕೆ ಬುರುಡೆ ತೇಲುವುದನ್ನೇ ಮರೆತಿತ್ತು. ಮೊದಲು ಪೆಟ್ರೋಲು ಕುಡಿದು ಮುಳುಗಿತ್ತು, ಈಗ ನನ್ನ ಔದಾರ್ಯದಿಂದ ಮುಳುಗಿತ್ತು. ಚಾಕುವಿನಿಂದ ಕಲಾಯಿ ಕೆರೆದೆ. ಜೋಡಿಸಿದೆ, ಬಿಚ್ಚಿದೆ, ಮತ್ತೆ ಕೆರೆದೆ. ಇನ್ನೂ ಕೆರೆದರೆ ತೂತು ತೆರೆಯುವ ಭಯ, ಬಿಟ್ಟರೆ ಮುಳುಗುವ ಭಯ. ಆಗ ಎಸ್.ಟಿ. ಬಸ್ಸು ನಮ್ಮನ್ನು ದಾಟಿ ಹೋಯಿತು. ಕಿಟಕಿಯಿಂದ ಪರಿಚಯದವರು ಕೈ ಬೀಸಿದರು. ನಾನೂ ಗಂಭೀರವಾಗಿ ಬೀಸಿದೆ. ಸಾವಿತ್ರವ್ವ ಬುಟ್ಟಿ ಎತ್ತಿಕೊಂಡು ದಾರಿಬದಿಯ ಬೇವಿನ ನೆರಳಿಗೆ ಹೋಗಿ ಕುಳಿತಳು. ಒಮ್ಮೆ ಬಯ್ಯಬಾರದೆ ಎನಿಸಿತು ನನಗೆ.

ಹೊತ್ತು ನೆತ್ತಿಗೇರಿತು. ಬೇವಿನ ನೆರಳು ನಮ್ಮನ್ನು ಬಿಟ್ಟು ಆಚೆ ಸರಿಯಿತು. ಆಗ ಆಕೆ ಮೆಲ್ಲಗೆ ಅಂದಳು:

"ಅಕ್ಕವ್ವ ಬಾಗಲದಾಗ ನಿಂತಿರತಾಳ್ರಿ. ಒಳಗ ಹೋದ್ರ ಅತ್ತಿ ಕೇಳತಾಳ, ಎಲ್ಲಿ ಬಂದಾ ನಿಮ್ಮಣ್ಣಂತ."

ಮೀಸೆ ಸುಟ್ಟಾಗ ಆಗದ ಉರಿ ಆಗ ಆಯಿತು. ಹಸಿದ ಕೂಸುಗಳು, ಗೊಣಗುವ ಮುದುಕರು, ನಡುವೆ ತಲೆ ತಗ್ಗಿಸಿ ನಿಂತ ನನ್ನ ತಂಗಿ. ಏನಾದರೂ ಆಗಲಿ ಎಂದು ಎದ್ದೆ. ಬುರುಡೆ ಮಾಡದ ಕೆಲಸವನ್ನು ನಾನೇ ಮಾಡಲು ನಿಶ್ಚಯಿಸಿದೆ. ಟಾಕಿಯ ಕೆಳಗೆ ಪೆಟ್ರೋಲು ಬಿಡುವ ಒಂದು ತಿರುಪು ಇರುತ್ತದೆ. ಅದನ್ನು ಕೈಯಿಂದಲೇ ಆಗಾಗ ತೆರೆದು ಆಗಾಗ ಮುಚ್ಚುತ್ತ ಹೋದರೆ ಬಟ್ಟಲು ತುಂಬಿ ಹರಿಯುವುದಿಲ್ಲ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಹಿಂದೆ ಕುಳಿತವಳು ಹೇಳಬೇಕು.

"ಉಸರ ಸಿಗವಲ್ದು ಅದಕ್ಕ, ತಗೀರಿ... ವಾಸನಿ ಬಂತು, ಮುಚ್ರಿ... ತಗೀರಿ... ಅಯ್ಯ, ಮುಚ್ರಿ ಅಂದ್ನೆಲ್ಲ!"

ಹೀಗೆ ದಾರಿಯುದ್ದಕ್ಕೂ ಆಕೆ ಹೇಳಿದಂತೆ ತೆರೆದು, ಆಕೆ ಹೇಳಿದಂತೆ ಮುಚ್ಚಿ, ನಾನು ಒಂದು ಹಿತ್ತಾಳೆಯ ಬುರುಡೆಯಾಗಿ ಬಾಲಗಾಂವ ಮುಟ್ಟಿದೆ. ಅಷ್ಟು ಹೊತ್ತಿಗೆ ಸೂರ್ಯ ಪಡುವಣಕ್ಕೆ ವಾಲಿದ್ದ.

ಆದರೆ ಪ್ರವೇಶ ಮಾತ್ರ ರಾಜಠೀವಿಯದು. ಊರಬಾಗಿಲ ಅಗಸಿಯಲ್ಲಿ ಫಟ್ ಫಟ್ ಕೇಳುತ್ತಲೇ ಹುಡುಗರು ಓಡಿ ಬಂದರು, ನಾಯಿಗಳು ಬೊಗಳಿದವು, ಮಾಳಿಗೆಗಳ ಮೇಲೆ ಮಂದಿ ನಿಂತರು. ಬಾಗಿಲಲ್ಲಿ ನಿಂತ ಅಕ್ಕವ್ವನ ಮುಖ ಅರಳಿತ್ತು. ಆ ಮುಖ ನೋಡಿ ನನ್ನ ದಣಿವೆಲ್ಲ ಇಳಿಯಿತು. ಹಸಿದ ಮಂದಿಯೂ ಹಸಿವು ಮರೆತು ಗಾಡಿಯ ಸುತ್ತ ಮುತ್ತಿದರು. ಸಾವಿತ್ರವ್ವ ಬುಟ್ಟಿ ಹಿಡಿದು ಇಳಿದು ಹೆಂಗಸರ ನಡುವೆ ಹೋದಳು. ಮುಚ್ರಿ ಎಂದು ಹೇಳುವವರು ಯಾರೂ ಉಳಿಯಲಿಲ್ಲ, ನಾನೂ ಮುಚ್ಚಲಿಲ್ಲ.

ದುಂಡವ್ವ ತಾನೇ ಆರತಿ ತಂದಳು. ತಟ್ಟೆಯಲ್ಲಿ ಕುಂಕುಮದ ನೀರು, ನಡುವೆ ಉರಿಯುವ ಬತ್ತಿ. ನನಗೆ ಬೆಳಗಿದಳು. ನಂತರ, "ಇದೂ ನಮ್ಮನಿಗೆ ಬಂದ ಲಕ್ಷ್ಮೀನ," ಎಂದು ಫಟಫಟಿಗೂ ಬೆಳಗಲು ಇಂಜಿನ್ನಿನ ಹತ್ತಿರ ಬಾಗಿದಳು. ಅಕ್ಕವ್ವ ನನ್ನ ಕಡೆ ನೋಡಿ ನಕ್ಕಳು. ನಾನು ಕೆಳಗೆ ನೋಡಿದೆ. ಸಾರಿಸಿದ ಅಂಗಳದ ಮೇಲೆ ಪೆಟ್ರೋಲು ಹರಿದಿತ್ತು. ಬತ್ತಿ ಅದರಿಂದ ಒಂದು ಗೇಣು ದೂರದಲ್ಲಿತ್ತು. ನನಗಿಂತ ಮೊದಲು ನನ್ನ ಉಳಿದ ಅರ್ಧ ಮೀಸೆಗೆ ತಿಳಿಯಿತು.

ತುಕಾರಾಮನ ಹೆಗಲ ಮೇಲಿದ್ದ ಕಂಬಳಿ ಸೆಳೆದು ಆರತಿಯ ಮೇಲೆ ಒಗೆದೆ.

ಬತ್ತಿ ಆರಿತು. ತಟ್ಟೆ ಬಿತ್ತು. ಕುಂಕುಮದ ನೀರು ದುಂಡವ್ವನ ಹೊಸ ಸೀರೆಯ ಮೇಲೆಲ್ಲ ಚೆಲ್ಲಿತು. ಮಂಗಲಕಾರ್ಯಕ್ಕೆ ಬಂದವನು, ಸ್ವಂತ ಸೋದರಮಾವ, ಹೊಸ್ತಿಲ ಮುಂದೆ ಆರತಿ ಆರಿಸಿದ್ದ. ಇಂಥದ್ದನ್ನು ಬಾಲಗಾಂವ ಕಂಡಿರಲಿಲ್ಲ, ಕೇಳಿರಲಿಲ್ಲ. ಅಕ್ಕವ್ವನ ಮುಖದ ನಗು ಹೋಯಿತು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೆ ಎನಿಸಿತು.

"ಅತ್ತೀ, ಪೆಟ್ರೋಲ್ ಸೋರಾಕತ್ತೈತಿ. ಬೆಂಕಿ ಹತ್ತಿದ್ರ ನಾವ್ಯಾರೂ ಉಳೀತಿದ್ದಿಲ್ಲ," ಎಂದು ಅರ್ಧ ಮೀಸೆಯನ್ನು ಸಾಕ್ಷಿಯಾಗಿ ತೋರಿಸಿದೆ.

ಮಂದಿಯೆಲ್ಲ ಒಮ್ಮೆಲೇ ಹಿಂದೆ ಸರಿದರು. ತುಕಾರಾಮ ಆ ದಿನದ ತನ್ನ ಮೊದಲ ಮಾತನ್ನಾಡಿದ: "ನೂಕ್ರಿ ಅದನ್ನ ಹೊರಗ." ಲಕ್ಷ್ಮಿಯನ್ನು ನಾಲ್ಕು ಜನ ನೂಕಿಕೊಂಡು ಹೋಗಿ ತಿಪ್ಪೆಯ ಹತ್ತಿರ ನಿಲ್ಲಿಸಿ ಬಂದರು. ಎಲ್ಲರೂ ದುಂಡವ್ವನ ಬಾಯಿ ನೋಡುತ್ತಿದ್ದರು.

ದುಂಡವ್ವ ಸೀರೆ ಕೊಡವಿಕೊಂಡು ತೀರ್ಪು ಹೇಳಿದಳು: "ಜೀಂವ ಉಳಿಸಿದ್ರಿ, ಅದು ಖರೆ. ಆದ್ರ ಆರತಿ ಆರಿತಂದ್ರ ಬೀಗರು ಇನ್ನಾ ಬಂದೇ ಇಲ್ಲಂತ ಲೆಕ್ಕ. ಹೊಳ್ಳಿ ಅಗಸಿ ತನಕ ಹೋಗಿ ಮತ್ತ ಬರ್ರಿ. ಫಟಫಟಿ ಬ್ಯಾಡ. ನಡಕೊಂತ ಬರ್ರಿ."

ಹೋದೆವು. ಅಗಸಿಯನ್ನು ದಾಟಿ ತಿರುಗಿ ನಿಂತು ನೋಡಿದೆವು. ಮೊದಲು ಬಂದಾಗ ಅರ್ಧ ಊರು ಹೊಲದಲ್ಲಿತ್ತು. ಈಗ ಎಲ್ಲರೂ ಮನೆಗೆ ಮರಳಿದ್ದರು. ಆರತಿ ಆರಿಸಿದ ಬೀಗನನ್ನು ನೋಡಲು ಓಣಿಯ ಎರಡೂ ಬದಿಗೆ ಮಂದಿ ಸಾಲುಗಟ್ಟಿದ್ದರು. ಹಲಗೆಯವನು ಯಾರೂ ಹೇಳದೆ ಬಾರಿಸತೊಡಗಿದ. ಯಾವ ಊರಿಗೆ ನಡೆದು ಹೋಗಬಾರದೆಂದು ಎರಡು ದಿನ ಮೀಸೆ ಸುಟ್ಟುಕೊಂಡು ದುಡಿದೆನೋ, ಆ ಊರ ನಡುವೆ ಹಲಗೆ ಬಾರಿಸಿಕೊಂಡು, ರುಮಾಲಿಗೆ ಪೆಟ್ರೋಲು ನಾರುತ್ತ, ಹೆಜ್ಜೆ ಹೆಜ್ಜೆ ಎಣಿಸುವಂತೆ ನಾನು ನಡೆದೆ. ಪಕ್ಕದಲ್ಲಿ ಸಾವಿತ್ರವ್ವ ತಲೆ ತಗ್ಗಿಸಿಕೊಂಡಿದ್ದಳು. ಊರವರು ಅದನ್ನು ಸಂಕೋಚ ಎಂದು ತಿಳಿದರು. ಅವಳ ಹೆಗಲು ಅಲುಗುವುದು ನನಗೆ ಕಾಣುತ್ತಿತ್ತು.

ಎರಡನೆಯ ಆರತಿ ನಿರ್ವಿಘ್ನವಾಗಿ ನಡೆಯಿತು. ಕೂಸಿನ ತಲೆಗೆ ಕತ್ತರಿ ಹಾಕಿದೆ. ಮಂದಿ ಊಟಕ್ಕೆ ಕುಳಿತರು. ಅಕ್ಕವ್ವ ಹೋಳಿಗೆ ಬಡಿಸುತ್ತ ನನ್ನ ಮುಂದೆ ಬಂದಾಗ ನಾನು ತಲೆ ಎತ್ತಲಾರದೆ ಹೇಳಿದೆ: "ತಂಗೀ, ನಿನ್ನ ಮಾನ ಕಳದ್ನೆವ್ವ."

ಅವಳು ಹೋಳಿಗೆಯ ಬುಟ್ಟಿ ಕೆಳಗಿಟ್ಟಳು. ಹಿಂದೆ ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ ಅತ್ತೆಗೂ, ಕುಳಿತ ಪಂಕ್ತಿಗೂ ಕೇಳುವಂತೆ, ಸೊಂಟಕ್ಕೆ ಸೆರಗು ಸಿಗಿಸಿ ಎತ್ತಿದ ದನಿಯಲ್ಲಿ ಅಂದಳು:

"ಈ ಊರಾಗ ಸೊಸ್ತ್ಯಾರು ಭಾಳ ಮಂದಿ ಅದಾರ. ಯಾರ ತವರವರು ಬಂದಾರ್ರಿ ಹಿಂಗ, ಒಂದ ದಿನದಾಗ ಎರಡ ಸಲ?"

ದುಂಡವ್ವ ಬಾಯಿ ತೆರೆದಳು. ಪಂಕ್ತಿಯೆಲ್ಲ ಕಾದಿತು. ಆಕೆ ಬಾಯಿ ಮುಚ್ಚಿ ನನ್ನ ಹೋಳಿಗೆಯ ಮೇಲೆ ತುಪ್ಪ ಹೊಯ್ದಳು, ನಾನು ಸಾಕು ಎನ್ನುವ ತನಕ ಹೊಯ್ದಳು.