ಗುಡುಗುಮುಷ್ಟಿಯ ಆಳಕ್ಕೆ ನಮ್ಮ ಚಿಕ್ಕಮ್ಮನೇ ಬೇಕಾ?

ಮಾನ್ಯ ಗುಡುಗುಮುಷ್ಟಿಯವರೇ, ಲೋಕರಕ್ಷಕರೇ, ಚಡ್ಡಿಯನ್ನು ಪ್ಯಾಂಟಿನ ಮೇಲೆ ಧರಿಸಿಯೂ ಗಾಂಭೀರ್ಯ ಕಳೆದುಕೊಳ್ಳದ ಧೀರೋದಾತ್ತರೇ,

ತಮ್ಮ ಪಾದಗಳಿಗೆ, ಅವು ನೆಲದ ಮೇಲಿರುವ ಅಪರೂಪದ ಹೊತ್ತಿನಲ್ಲಿ, ನಮಸ್ಕಾರಗಳು. ತಾವು ಕಾಮಿಕ್ಸ್ ಪುಸ್ತಕದ ನಾಯಕರು. ನಾನು ಅದೇ ಪುಸ್ತಕದ ಕಚೇರಿಯಲ್ಲಿ ತಮ್ಮ ಬಾಯಿಂದ ಹೊರಡುವ ಬಿಳಿ ಗುಳ್ಳೆಗಳೊಳಗೆ ಮಾತು ಬರೆಯುವವಳು. ಕಥೆಗಾರರು ಕಥೆ ಕೊಟ್ಟು, ಚಿತ್ರಕಾರರು ಚಿತ್ರ ಬರೆದು, ಗುಳ್ಳೆಗಳನ್ನು ಖಾಲಿ ಬಿಟ್ಟು ನನ್ನ ಮೇಜಿಗೆ ಕಳಿಸುತ್ತಾರೆ. ನಾನು ತುಂಬಿದ ಮೇಲೆ ಹಾಳೆ ನೇರ ಅಚ್ಚಿಗೆ ಹೋಗುತ್ತದೆ. ನಡುವೆ ಯಾರೂ ಓದುವುದಿಲ್ಲ, ಯಾಕೆಂದರೆ ನಮ್ಮ ಸಂಪಾದಕರ ನಂಬಿಕೆಯ ಪ್ರಕಾರ ಜನ ನೋಡುವುದು ಗುಡುಗುಮುಷ್ಟಿಯ ತೋಳನ್ನು, ಗುಳ್ಳೆಯನ್ನಲ್ಲ.

ತಾವು ಹುಟ್ಟಿದಾಗ ತಮಗೆ ಮುಷ್ಟಿ ಇತ್ತು, ಹಲ್ಲಿತ್ತು. ಗುದ್ದುತ್ತಿದ್ದಿರಿ, ನಗುತ್ತಿದ್ದಿರಿ, ನಮಗದು ಸಾಕಾಗಿತ್ತು. ಆಮೇಲೆ, ಓದುಗರು ಬೆಳೆದಿದ್ದಾರೆ, ಗುಡುಗುಮುಷ್ಟಿಯ ವ್ಯಕ್ತಿತ್ವಕ್ಕೆ ಆಳ ಬೇಕಾಗಿದೆ ಎಂದು ಸಂಪಾದಕರು ಸಭೆ ಕರೆದರು. ಆಳ ಬೇಕೆಂದರೆ ಅಗೆಯಬೇಕು. ಅಗೆದ ಮೇಲೆ ಗುಂಡಿಗೆ ಯಾರನ್ನಾದರೂ ಹಾಕಬೇಕು. ಮೊದಲು ತಮ್ಮ ತಂದೆಯನ್ನು ಹಾಕಿದರು. ತಾವು ಮಹಡಿಯ ತುದಿಯಲ್ಲಿ ಮಳೆಗೆ ನೆನೆಯುತ್ತಾ ನಿಂತು ಗಡ್ಡ ಬಿಟ್ಟಿರಿ. ಆಮೇಲೆ ತಮ್ಮನ್ನು ಮದುವೆಯಾಗಬೇಕಿದ್ದ ನರ್ಸನ್ನು ಸೇತುವೆಯಿಂದ ಬೀಳಿಸಿದರು. ತಾವು ಕುಡಿಯಲು ಕಲಿತಿರಿ, ವಿಮರ್ಶಕರು ತಮ್ಮೊಳಗಿನ ತುಮುಲವನ್ನು ಕೊಂಡಾಡಿದರು. ಆಕೆಯೊಳಗೂ ಏನಾದರೂ ಇತ್ತೇ ಎಂದು ಯಾರೂ ಕೇಳಲಿಲ್ಲ. ಆಕೆಗೆ ಕೊಟ್ಟದ್ದೇ ಒಂದು ಗುಳ್ಳೆ, ಅದರ ತುಂಬ ಕಿರುಚಾಟ. ಊರು ಸುಡುವ ಖಳನಿಗೂ ಈಗ ಬಾಲ್ಯವಿದೆ ಸ್ವಾಮಿ: ಅಪ್ಪ ಅಪ್ಪಿಕೊಳ್ಳಲಿಲ್ಲವಂತೆ, ಪಾಪ. ಆದರೆ ತಾವು ಸಂಚಿಕೆ ಸಂಚಿಕೆಯಲ್ಲೂ ಎತ್ತಿ ಅವನ ಮೇಲೆ ಎಸೆಯುವ ಬಸ್ಸಿನ ಡ್ರೈವರನಿಗೆ ಬಾಲ್ಯ ಹಾಗಿರಲಿ, ಮುಖವೂ ಇಲ್ಲ.

ಈಗ ಸರದಿ ತಮ್ಮನ್ನು ಸಾಕಿದ, ತಮ್ಮ ಹರಿದ ಮೇಲಂಗಿಗೆ ತೇಪೆ ಹಾಕುವ ಚಿಕ್ಕಮ್ಮನದು. ಆ ಮುಖ ನನ್ನ ಸ್ವಂತ ಚಿಕ್ಕಮ್ಮನದು ಎಂಬುದು ತಮಗೆ ತಿಳಿಯದಿರಬಹುದು. ಚಿತ್ರಕಾರರು ಒಮ್ಮೆ ನಮ್ಮ ಮನೆಗೆ ಬಂದು, ಹೊಲಿಗೆ ಮಿಷನ್ನಿನ ಮೇಲೆ ಟೀ ಲೋಟ ಇಟ್ಟು, ಸರಿಯಾಗಿ ಬೈಸಿಕೊಂಡು, ಬೈದ ಮುಖವನ್ನೇ ತಮ್ಮ ಕಥೆಗೆ ಬರೆದುಕೊಂಡರು. ನನ್ನ ಚಿಕ್ಕಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾರೆ. ಕಥೆಯಲ್ಲಿ ಕತ್ತರಿ ಹಿಡಿದ ತಮ್ಮ ಚಿಕ್ಕಮ್ಮ ಖಳನಿಗೆ ‘ಗೋಡೆ ಒಡೆದು ಬರ್ತೀಯಲ್ಲ, ಬಾಗಿಲು ಕಾಣಲ್ವಾ ನಿಂಗೆ?’ ಎಂದು ಗದರುವ ಪುಟವನ್ನು ಅವರ ಸಾಲಿನ ಹುಡುಗಿಯರು ಕಂಬಕ್ಕೆ ಅಂಟಿಸಿಕೊಂಡಿದ್ದಾರೆ. ಸೂಪರ್‌ವೈಸರ್ ಕೂಗಾಡಲು ಶುರುಮಾಡಿದರೆ ಅದನ್ನು ನೋಡುತ್ತಾರೆ, ಆಮೇಲೆ ಅವನನ್ನು ನೋಡುತ್ತಾರೆ. ಒಬ್ಬಳೂ ತಲೆ ತಗ್ಗಿಸುವುದಿಲ್ಲ. ತಮ್ಮ ಚಿತ್ರವನ್ನು ಅಲ್ಲಿ ಯಾರೂ ಅಂಟಿಸಿಲ್ಲ, ಬೇಸರ ಮಾಡಿಕೊಳ್ಳಬಾರದು.

ಹೊಸ ಸಂಚಿಕೆಯಲ್ಲಿ ಕಟ್ಟಡ ಕುಸಿದು ಚಿಕ್ಕಮ್ಮ ತೊಲೆಯ ಕೆಳಗೆ ಸಿಕ್ಕಿಕೊಳ್ಳುತ್ತಾರೆ, ‘ಮಗನೇ, ನನ್ನ ಸಾವೇ ನಿನ್ನ ಶಕ್ತಿಯಾಗಲಿ’ ಎನ್ನುತ್ತಾರೆ, ತಾವು ಮಂಡಿಯೂರಿ ಊಳಿಡುತ್ತೀರಿ. ಸುದ್ದಿ ಹೇಳಿದಾಗ ನಮ್ಮ ಚಿಕ್ಕಮ್ಮ ದಾರ ಕಚ್ಚುತ್ತಲೇ, ಸಾಯೋಕೆ ರಜಾ ಕೊಡ್ತಾರಾ ಕೇಳು ಮೊದಲು, ಎಂದು ನಕ್ಕರು. ಆಮೇಲೆ ನಗು ನಿಂತಿತು. ಎಲ್ಲರನ್ನೂ ಗದರಿಸಿದವಳು ಕೊನೆಗೆ ಅವನಿಗೋಸ್ಕರ ಸತ್ತಳು ಅಂತ ನಮ್ಮ ಹುಡುಗಿಯರಿಗೆ ಯಾವ ಮುಖ ಇಟ್ಕೊಂಡು ಹೇಳಲಿ, ಎಂದರು. ಬೆಟ್ಟ ಎತ್ತುವವರು ಒಂದು ತೊಲೆ ಎತ್ತಬಾರದೇ ಸಾರ್ ಎಂದು ನಾನು ಸಂಪಾದಕರನ್ನು ಕೇಳಿದೆ. ಎತ್ತಿಬಿಟ್ಟರೆ ಆಳ ಎಲ್ಲಿಂದ ಬರುತ್ತಮ್ಮ, ಎಂದು ಅವರು ಮರುಕದಿಂದ ನೋಡಿದರು.

ಆದ್ದರಿಂದ ತಮ್ಮಲ್ಲೇ ಬಿನ್ನಹ. ಆಳವನ್ನು ತಮ್ಮ ಸ್ವಂತ ಮೈಯಲ್ಲಿ ಸಂಪಾದಿಸಬೇಕು. ತಮಗೆ ಹಲ್ಲುನೋವು ಬರಲಿ. ಮೇಲಂಗಿಯನ್ನು ತಾವೇ ಒಗೆಯಿರಿ. ಎಸೆದ ಬಸ್ಸನ್ನು ತಂದು ನಿಲ್ಲಿಸಿ ಡ್ರೈವರನ ಕ್ಷಮೆ ಕೇಳಿ, ಅವನು ಬೈದರೆ ಪೂರ್ತಿ ಬೈಯುವತನಕ ಹಾರಿಹೋಗದೆ ನಿಲ್ಲಿ. ಚಿಕ್ಕಮ್ಮನ ಕೂದಲನ್ನು ಮಾತ್ರ ವರ್ಷವರ್ಷವೂ ಬೆಳ್ಳಗಾಗಿಸುವುದು ನ್ಯಾಯವಲ್ಲ, ತಾವೂ ದಯಮಾಡಿ ಸ್ವಲ್ಪ ಮುದುಕರಾಗಿ. ನಮ್ಮ ಹೆಂಗಸರ ಹೆಣದ ಮೇಲೆ ನಿಂತವನನ್ನು ಗಂಭೀರ ಮನುಷ್ಯ ಎಂದು ಬರೆಯಲು ನನ್ನ ಪೆನ್ನು ಒಪ್ಪುತ್ತಿಲ್ಲ.

ತಮ್ಮ ಪ್ರತಿ ಗರ್ಜನೆಯ ಕಾಗುಣಿತ ತಿದ್ದಿದ,
ತಮ್ಮ ವಿಶ್ವಾಸಿ,
ಗುಳ್ಳೆ ತುಂಬುವವಳು

ಮರೆತಿದ್ದೆ: ಹಾಳೆಗಳು ಅಚ್ಚಾಗಿ, ಕಟ್ಟುಗಳು ವ್ಯಾನು ಹತ್ತಿಯಾಗಿದೆ. ತೊಲೆಯ ಕೆಳಗಿನ ಗುಳ್ಳೆಯಲ್ಲಿ ಚಿಕ್ಕಮ್ಮ ಈಗ ಹೇಳುವುದು: ‘ಆಮೇಲೆ ಅಳುವಿಯಂತೆ, ಮೊದಲು ಇದನ್ನೆತ್ತು, ನನಗೆ ಕೆಲಸಕ್ಕೆ ಹೊತ್ತಾಯಿತು.’ ಮುಂದಿನ ಸಂಚಿಕೆಯಲ್ಲಿ ತಾವು ಎತ್ತದೆ ಗತಿಯಿಲ್ಲ. ತಾವು ಊಳಿಡಲೆಂದು ಎರಡು ಪುಟದಗಲ ಬಿಟ್ಟಿದ್ದ ದೊಡ್ಡ ಗುಳ್ಳೆಯನ್ನೂ ಖಾಲಿ ಬಿಡಬಾರದೆಂದು, ಅದರ ನಟ್ಟನಡುವೆ, ಆದಷ್ಟು ಸಣ್ಣ ಅಕ್ಷರದಲ್ಲಿ, ತಮ್ಮ ಪರವಾಗಿ ಬರೆದಿದ್ದೇನೆ: ‘ಸರಿ ಚಿಕ್ಕಮ್ಮ.’