ಹುಣಸೆಹಣ್ಣಿಗೆ ಹೋದ ಲೈಸೆನ್ಸು

ಸ್ಟೇರಿಂಗ್ ಹಿಡಿದವರ ಬದುಕಿನಲ್ಲಿ ನಗೆಪಾಟಲಿನ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನನಗೆ ಮಾತ್ರ ಒಂದೇ ಫೋನ್ ಕರೆಯಿಂದ ಮೂರು ತಿಂಗಳು ನಡೆದವು. ಬಾಗಲಗುಂಟೆಯಿಂದ ಪೀಣ್ಯದ ಗಾರ್ಮೆಂಟ್ಸಿಗೆ ಹೆಣ್ಣುಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವುದು ನನ್ನ ಕೆಲಸ.

ಅಕ್ಕನ ಸಾಕ್ಷಿ

ಆವತ್ತು ಬೆಳಿಗ್ಗೆ ಅತ್ತಿಬೆಲೆಯಿಂದ ಅಕ್ಕ ಫೋನ್ ಮಾಡಿದಳು. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಓಡಿಸುತ್ತಿದ್ದೆ. ರಸ್ತೆ ದಾಟುತ್ತಿದ್ದ ಮುದುಕರೊಬ್ಬರು ಕಂಡದ್ದು ತೀರಾ ಹತ್ತಿರ ಹೋದಮೇಲೆ. ಬ್ರೇಕ್ ಒತ್ತಿದೆ. ಅವರಿಗೂ ಬಂಪರಿಗೂ ಒಂದು ಗೇಣು. ಅವರು ನನ್ನನ್ನೊಮ್ಮೆ ನೋಡಿ ದಾಟಿಹೋದರು.

ಟ್ರಾಫಿಕ್ ಪೊಲೀಸ್ ಮೇಡಂ ಬಂದು ಗಾಡಿ ಪಕ್ಕಕ್ಕೆ ಹಾಕಿಸಿದರು. "ಫೋನಲ್ಲಿ ಮಾತಾಡ್ತಿದ್ರಾ?"

"ಇಲ್ಲ ಮೇಡಂ."

ಮಡಿಲಿಗೆ ಬಿದ್ದಿದ್ದ, ಇನ್ನೂ ಕಟ್ ಆಗದಿದ್ದ ಫೋನಿನೊಳಗಿಂದ ಅಕ್ಕ ಜೋರಾಗಿ ಕೇಳಿದಳು: "ಯಾರೇ ಅದು ಮೇಡಂ? ಇಷ್ಟೊತ್ತು ನನ್ ಹತ್ರ ಮಾತಾಡಿ ಈಗ ಇಲ್ಲ ಅಂತೀಯಲ್ಲ."

ಆರ್‌ಟಿಓ ಆಫೀಸಿನಲ್ಲಿ

ಲೈಸೆನ್ಸ್ ಯಾಕೆ ಅಮಾನತು ಮಾಡಬಾರದು ಅಂತ ನೋಟಿಸ್ ಬಂತು. ಉತ್ತರ ಕೊಡಲು ಹೋದೆ.

"ಆ ಮುದುಕರಿಗೆ ಏನಾದ್ರೂ ಆಗಿದ್ರೆ ಕ್ರಿಮಿನಲ್ ಕೇಸು, ಕೋರ್ಟು ಅಂತ ಅಲೀಬೇಕಿತ್ತು. ಮೂರು ತಿಂಗಳ ಅಮಾನತಿಗೇ ಮುಗೀತು ಅಂದ್ಕೊಳ್ಳಿ" ಅಂದರು ಅಧಿಕಾರಿ. ನಿಜ ಅನ್ನಿಸಿ ಕಣ್ಣು ತುಂಬಿತು. "ಅಂಥಾ ಅರ್ಜೆಂಟ್ ಏನಿತ್ತಮ್ಮಾ?"

"ಪುಳಿಯೋಗರೆ ಗೊಜ್ಜಿಗೆ ಹುಣಸೆಹಣ್ಣು ಎಷ್ಟು ಹಾಕ್ಬೇಕು ಅಂತ ಅಕ್ಕ ಕೇಳ್ತಿದ್ಲು ಸಾರ್."

ಪಕ್ಕದಲ್ಲಿ ನನ್ನ ಹೇಳಿಕೆ ಟೈಪ್ ಮಾಡುತ್ತಿದ್ದವರ ಕೈ ನಿಂತಿತು. "ಸಾರ್, ಹುಣಸೆಹಣ್ಣು ಅಂತಾನೇ ಹಾಕ್ಲಾ?"

ಪಾಠದ ದಿನ

ಲೈಸೆನ್ಸ್ ವಾಪಸ್ ಬೇಕಾದರೆ ಒಂದು ದಿನ ರಸ್ತೆ ಸುರಕ್ಷತೆಯ ಪಾಠ ಕೇಳಬೇಕಿತ್ತು. ಕೊಠಡಿ ತುಂಬ ಗಂಡಸರು. ನಾನು ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದರು.

"ನಂದೂ ಫೋನ್ ಕೇಸೇ ಕಣ್ರಣ್ಣಾ" ಅಂದೆ.

ಎಲ್ಲರೂ ಕೂತರು. ಹೂಡಿಯ ಕ್ಯಾಬ್ ಡ್ರೈವರ್ ಒಬ್ಬ ಮಾತ್ರ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ: "ಬನ್ನಿ ಅಕ್ಕ. ಲಾಸ್ಟ್ ಬೆಂಚು, ಯಾರೂ ಪ್ರಶ್ನೆ ಕೇಳಲ್ಲ."

ಮೂಕ ವ್ಯಾನು

ಆ ಮೂರು ತಿಂಗಳು ನನ್ನ ಮೈದುನ ವ್ಯಾನ್ ಓಡಿಸಿದ. ಹೆಣ್ಣುಮಕ್ಕಳು ಬೇರೆ ಗಾಡಿ ಹುಡುಕದೆ ನನಗಾಗಿ ಕಾದರು. ಅವರಿಗೆ ಎಷ್ಟು ಕೈಮುಗಿದರೂ ಸಾಲದು.

ನಾನು ಮತ್ತೆ ಸ್ಟೇರಿಂಗ್ ಹಿಡಿದ ದಿನ ವ್ಯಾನಿನಲ್ಲಿ ಒಂದು ಪಿಸುಮಾತೂ ಇಲ್ಲ. ಸಿಟ್ಟಿರಬೇಕು ಅಂದುಕೊಂಡೆ. ಫ್ಯಾಕ್ಟರಿ ಗೇಟಿಗೆ ಹೋದರೆ ದೊಡ್ಡ ಬೀಗ. ಇಂಜಿನ್ ಆಫ್ ಮಾಡಿ ಹಿಂದೆ ತಿರುಗಿದೆ.

ಗದಗ ಕಡೆಯ ಹುಡುಗಿ ಮೆಲ್ಲಗೆ ಹೇಳಿದಳು: "ಈ ಗೇಟು ಬಂದ್ ಆಗಿ ಒಂದು ವಾರ ಆತ್ರೀ ಅಕ್ಕಾರ. ಈಗ ಹಿಂದಿನ ಗೇಟಿಗೆ ಹೋಗಬೇಕ್ರೀ."

"ಅಷ್ಟು ದೂರದಿಂದ ನೋಡ್ಕೊಂಡು ಬಂದ್ರಲ್ಲ, ಒಬ್ರಾದ್ರೂ ಬಾಯಿ ಬಿಡಬಾರದಿತ್ತಾ?"

"ನಿಮ್ಮನ್ನ ಮಾತಾಡಿಸಿದ್ರ ಮತ್ತ ಲೈಸೆನ್ಸ್ ಹೋಗ್ತೈತಂತ ಎಲ್ಲಾರೂ ಸುಮ್ಮನಿದ್ವಿರೀ. ಈಗ ಗಾಡಿ ನಿಂತೈತಿ, ಅದಕ್ಕ ಹೇಳಾಕತ್ತೀನಿ."